ಟಿ ಕೋಶದೊಳಗಿನ ಕಿಣ್ವಗಳೂ ಮಕ್ಕಳ ಮಧುಮೇಹವೂ: ತಡೆಯುವ ಮದ್ದು ಎಲ್ಲಿಯವರೆಗೆ ಬಂದಿದೆ?

ಪೆರ್ಲದ ಜೀವಶಾಸ್ತ್ರ ಅಧ್ಯಾಪಕಿ:

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ ಬಂದ ಮಕ್ಕಳಿಗೆ ಪ್ಲಸ್ ಟುವಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಒಂದನೇ ವಿಧದ ಮಧುಮೇಹದಲ್ಲಿ ದೇಹದ್ದೇ ರೋಗನಿರೋಧಕ ಟಿ ಕೋಶಗಳು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತವೆ, ಆದ್ದರಿಂದ ಇನ್ಸುಲಿನ್ ಉತ್ಪಾದನೆ ನಿಲ್ಲುತ್ತದೆ ಎಂಬಲ್ಲಿಗೆ ನಮ್ಮ ಪಾಠ ಮುಗಿಯುತ್ತದೆ. ತಮ್ಮನಿಗೆ ಈ ಕಾಯಿಲೆ ಇರುವ ವಿದ್ಯಾರ್ಥಿನಿಯೊಬ್ಬಳು ಅಲ್ಲಿಗೆ ಬಿಡಲಿಲ್ಲ. "ಟಿ ಕೋಶದ ಹೊರಮೈಗೆ ಏನೋ ತಾಗಿದರೆ ಆ ಸುದ್ದಿ ಒಳಗೆ ಹೋಗುವುದು ಹೇಗೆ ಟೀಚರ್? ನಡುದಾರಿಯಲ್ಲೇ ಅದನ್ನು ತಡೆಯುವ ಮದ್ದು ಇಲ್ಲವೇ?" ಎಂದು ಕೇಳಿದಳು.

ಸುದ್ದಿಯನ್ನು ಸಾಗಿಸುವುದು ಕಿಣ್ವಗಳು ಎಂದು ಹೇಳಿದೆ. ಆದರೆ ಓದುತ್ತಾ ಹೋದಂತೆ ನನಗೆ ಎರಡು ಸಂದೇಹಗಳು ಉಳಿದುಕೊಂಡಿವೆ. ಈ ಕಾಯಿಲೆಯಲ್ಲಿ ಕೋಶದೊಳಗಿನ ಸಂಕೇತ ವಿಪರೀತ ಬಲವಾಗಿರುತ್ತದೆಯೋ ದುರ್ಬಲವಾಗಿರುತ್ತದೆಯೋ ಎಂಬ ಬಗ್ಗೆ ಎರಡೂ ಬಗೆಯ ಬರಹಗಳು ಕಾಣಸಿಗುತ್ತವೆ. ಇನ್ನೊಂದು, ಸಂಧಿವಾತದ ಮಾತ್ರೆಯೊಂದು ಹೊಸ ರೋಗಿಗಳಲ್ಲಿ ಕೆಲಸಮಾಡಿತು ಎಂಬ ಸುದ್ದಿ. ಅದು ನಮ್ಮೂರಿನ ಮಗುವಿಗೆ ಎಷ್ಟು ಸಂಬಂಧಿಸಿದ್ದು? ಬಲ್ಲವರು ಕನ್ನಡದಲ್ಲೇ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಇಲ್ಲಿ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಆಸ್ಪತ್ರೆಯಲ್ಲಿ ಕೈಗೆ ಸಿಗುವ ಕರಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ; ಮಗುವಿಗೆ ದಿನವೂ ಸೂಜಿ ಚುಚ್ಚುವ ತಾಯಿ ಓದುವುದು ಕನ್ನಡವನ್ನು.

ಸಂಶೋಧಕ, ಮಂಜೇಶ್ವರ:

ಟೀಚರ್, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಈ ಕ್ಷೇತ್ರದ ಮೂಲ ಪ್ರಶ್ನೆಯನ್ನೇ. ಮೊದಲು ದಾರಿಯನ್ನು ಹೇಳುತ್ತೇನೆ.

ಬೀಟಾ ಕೋಶದ ಪ್ರೋಟೀನಿನ ತುಣುಕೊಂದನ್ನು ಎಚ್‌ಎಲ್‌ಎ ಅಣುವೊಂದು ಹಿಡಿದು ತೋರಿಸಿದಾಗ ಟಿ ಕೋಶದ ಗ್ರಾಹಕ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಗ್ರಾಹಕಕ್ಕೆ ಸ್ವಂತವಾದ ಕಿಣ್ವಶಕ್ತಿ ಇಲ್ಲ. ಅದರ ಜೊತೆಗಿರುವ ಸಿಡಿ3 ಎಂಬ ಪ್ರೋಟೀನು ಸರಪಳಿಗಳ ಬಾಲದಲ್ಲಿರುವ ಅಮೈನೋ ಆಮ್ಲಗಳಾದ ಟೈರೋಸಿನ್‌ಗಳಿಗೆ ಎಲ್‌ಸಿಕೆ ಎಂಬ ಕೈನೇಸ್ ಫಾಸ್ಫೇಟ್ ಸೇರಿಸುತ್ತದೆ. ಫಾಸ್ಫೇಟ್ ಬಿದ್ದ ಜಾಗಕ್ಕೆ ಝಾಪ್-70 ಎಂಬ ಇನ್ನೊಂದು ಕೈನೇಸ್ ಬಂದು ಕೂತು, ತಾನೂ ಚುರುಕಾಗಿ, ಮುಂದಿನ ಪ್ರೋಟೀನುಗಳಿಗೆ ಫಾಸ್ಫೇಟ್ ಹಚ್ಚುತ್ತದೆ. ಅಲ್ಲಿಂದ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಏರಿದ ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸನ್ನು ಎಬ್ಬಿಸುತ್ತದೆ. ಅದು ಎನ್‌ಫ್ಯಾಟ್ ಎಂಬ ಪ್ರೋಟೀನಿನ ಫಾಸ್ಫೇಟನ್ನು ಕಳಚುತ್ತದೆ. ಎನ್‌ಫ್ಯಾಟ್ ಕೋಶಕೇಂದ್ರವನ್ನು ಹೊಕ್ಕು, ಟಿ ಕೋಶಗಳನ್ನು ಬೆಳೆಸುವ ಇಂಟರ್‌ಲ್ಯೂಕಿನ್-2ರ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಇಷ್ಟಾದ ಮೇಲೆ ಒಂದು ಟಿ ಕೋಶ ನೂರಾಗಿ, ಸಾವಿರವಾಗಿ ಹೆಚ್ಚುತ್ತದೆ.

ಕೈನೇಸ್ ಫಾಸ್ಫೇಟ್ ಹಾಕುತ್ತದೆ, ಫಾಸ್ಫಟೇಸ್ ತೆಗೆಯುತ್ತದೆ ಎಂಬುದು ಸರಿ. ಆದರೆ ಹಾಕಿದರೆಲ್ಲ ಚಾಲನೆ, ತೆಗೆದರೆಲ್ಲ ತಡೆ ಎಂದು ಮಕ್ಕಳು ತಿಳಿದುಕೊಳ್ಳಬಾರದು. ಎಲ್‌ಸಿಕೆಯ 505ನೇ ಸ್ಥಾನದ ಟೈರೋಸಿನ್‌ಗೆ ಸಿಎಸ್‌ಕೆ ಎಂಬ ಕೈನೇಸ್ ಫಾಸ್ಫೇಟ್ ಹಾಕಿದರೆ ಎಲ್‌ಸಿಕೆ ಮುದುಡಿಕೊಳ್ಳುತ್ತದೆ. 394ನೇ ಸ್ಥಾನದಲ್ಲಿ ಫಾಸ್ಫೇಟ್ ಇದ್ದರೆ ಅದು ಚುರುಕಾಗುತ್ತದೆ. ಕ್ಯಾಲ್ಸಿನ್ಯೂರಿನ್ ಫಾಸ್ಫೇಟ್ ತೆಗೆಯುವ ಕಿಣ್ವ, ಆದರೂ ಅದು ಸಂಕೇತವನ್ನು ಮುಂದೂಡುವಂಥದ್ದು. ಯಾವ ಕಿಣ್ವ, ಯಾವ ಪ್ರೋಟೀನಿನ ಯಾವ ಸ್ಥಾನ ಎಂಬುದನ್ನು ನೋಡದೆ ಏನನ್ನೂ ಹೇಳಲಾಗದು.

ಕುಂಬಳೆಯಿಂದ ಒಬ್ಬ ತಂದೆ:

ಸರ್, ನಮ್ಮ ಮಗನಿಗೆ ಕಳೆದ ಮಳೆಗಾಲದಲ್ಲಿ ಈ ಕಾಯಿಲೆ ಪತ್ತೆಯಾಯಿತು. ಮಂಗಳೂರಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯ ಚೀಟಿಯಲ್ಲಿ ಮೂರು ಸಾಲುಗಳಿವೆ: ಗ್ಯಾಡ್-65 ಪ್ರತಿಕಾಯ ಪಾಸಿಟಿವ್, ಐಎ-2 ಪ್ರತಿಕಾಯ ಪಾಸಿಟಿವ್, ಸಿ-ಪೆಪ್ಟೈಡ್ ಕಡಿಮೆ. ಗ್ಯಾಡ್ ಎಂದರೆ ಒಂದು ಕಿಣ್ವ ಎಂದು ಅಲ್ಲಿನವರು ಹೇಳಿದ್ದರು. ನೀವು ಹೇಳುತ್ತಿರುವ ಕಿಣ್ವಗಳ ಪೈಕಿ ಅದೂ ಒಂದೇ? ಅದನ್ನು ತಡೆದರೆ ಕಾಯಿಲೆ ನಿಲ್ಲುತ್ತದೆಯೇ?

ಬದಿಯಡ್ಕದ ವೈದ್ಯ:

ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಗ್ಯಾಡ್-65 ಕಿಣ್ವವೇ ಹೌದು, ಆದರೆ ಅದು ಟಿ ಕೋಶದ್ದಲ್ಲ. ನರಕೋಶಗಳಲ್ಲಿಯೂ ಬೀಟಾ ಕೋಶಗಳಲ್ಲಿಯೂ ಗ್ಲುಟಮೇಟನ್ನು ಗಾಬಾ ಎಂಬ ರಾಸಾಯನಿಕವನ್ನಾಗಿ ಮಾರ್ಪಡಿಸುವ ಕಿಣ್ವ ಅದು. ನಿಮ್ಮ ಮಗನ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತುಹಾಕಿಕೊಂಡಿದೆ ಎಂಬುದಷ್ಟೇ ಆ ಸಾಲಿನ ಅರ್ಥ. ಅಂದರೆ ಗ್ಯಾಡ್ ಇಲ್ಲಿ ಏಟು ತಿನ್ನುವ ಪಕ್ಷ. ಸಂಶೋಧಕರು ಹೇಳಿದ ಎಲ್‌ಸಿಕೆ, ಝಾಪ್-70 ಮುಂತಾದವು ಏಟು ಹಾಕುವ ಪಕ್ಷದೊಳಗೆ ಕೆಲಸಮಾಡುವವು. ಗ್ಯಾಡನ್ನು ತಡೆಯುವುದರಿಂದ ಪ್ರಯೋಜನವಿಲ್ಲ. ಆ ಪ್ರತಿಕಾಯಗಳು ಕಾಯಿಲೆಯ ಗುರುತುಗಳು. ಬೀಟಾ ಕೋಶವನ್ನು ಕೊಲ್ಲುವ ಕೆಲಸವನ್ನು ಮುಖ್ಯವಾಗಿ ಟಿ ಕೋಶಗಳೇ ಮಾಡುತ್ತವೆ.

ಮೂರನೆಯ ಸಾಲನ್ನು ಜೋಪಾನವಾಗಿಟ್ಟುಕೊಳ್ಳಿ. ದೇಹ ಇನ್ಸುಲಿನ್ ತಯಾರಿಸುವಾಗ ಮೊದಲು ದೊಡ್ಡ ಅಣುವೊಂದನ್ನು ಮಾಡಿ, ಅದನ್ನು ಕತ್ತರಿಸಿ, ಒಂದು ಇನ್ಸುಲಿನ್ ಅಣುವಿಗೆ ಒಂದು ಸಿ-ಪೆಪ್ಟೈಡಿನಂತೆ ರಕ್ತಕ್ಕೆ ಬಿಡುತ್ತದೆ. ನಾವು ಚುಚ್ಚುವ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಆದ್ದರಿಂದ ಮಗುವಿನ ಸ್ವಂತ ಬೀಟಾ ಕೋಶಗಳು ಎಷ್ಟು ಉಳಿದಿವೆ ಎಂಬುದನ್ನು ಅಳೆಯಲು ಅದೇ ಆಧಾರ. ಮುಂದೆ ಮದ್ದುಗಳ ಮಾತು ಬಂದಾಗ ಎಲ್ಲ ಲೆಕ್ಕವೂ ಈ ಸಾಲಿನ ಮೇಲೆಯೇ ನಿಲ್ಲುತ್ತದೆ.

ಪೆರ್ಲದ ಜೀವಶಾಸ್ತ್ರ ಅಧ್ಯಾಪಕಿ:

ಧನ್ಯವಾದಗಳು ಡಾಕ್ಟ್ರೇ. ಸಂಶೋಧಕರಲ್ಲಿ ನನ್ನ ಮೊದಲ ಸಂದೇಹವನ್ನೇ ಮತ್ತೆ ಕೇಳುತ್ತೇನೆ. ಪಿಟಿಪಿಎನ್22 ಎಂಬ ವಂಶವಾಹಿ ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಎಲ್ಲೆಡೆ ಬರೆದಿರುತ್ತಾರೆ. ಅದು ರೂಪಿಸುವುದು ಟಿ ಕೋಶದ ಸಂಕೇತವನ್ನು ತಗ್ಗಿಸುವ ಫಾಸ್ಫಟೇಸನ್ನು. ಅಪಾಯಕಾರಿ ರೂಪದಲ್ಲಿ ಆ ಕಿಣ್ವ ಇನ್ನಷ್ಟು ಬಲವಾಗುತ್ತದೆ ಎಂದು ಒಬ್ಬರೂ ದುರ್ಬಲವಾಗುತ್ತದೆ ಎಂದು ಮತ್ತೊಬ್ಬರೂ ಬರೆಯುತ್ತಾರೆ. ಸಂಕೇತವನ್ನು ತಗ್ಗಿಸುವ ಕಿಣ್ವ ಬಲವಾದರೆ ಟಿ ಕೋಶ ಸೌಮ್ಯವಾಗಬೇಕಲ್ಲವೇ? ಕಾಯಿಲೆ ಏಕೆ ಬರಬೇಕು?

ಸಂಶೋಧಕ, ಮಂಜೇಶ್ವರ:

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಈ ವಿಷಯದ ತಿರುಳು ಇರುವುದು ಇಲ್ಲೇ.

ಪಿಟಿಪಿಎನ್22ರಿಂದ ಬರುವ ಕಿಣ್ವದ ಹೆಸರು ಎಲ್‌ವೈಪಿ. ಎಲ್‌ಸಿಕೆಯ 394ನೇ ಸ್ಥಾನದಿಂದಲೂ ಝಾಪ್-70ರಿಂದಲೂ ಅದು ಫಾಸ್ಫೇಟ್ ಕಳಚುತ್ತದೆ. ಅದರ 620ನೇ ಸ್ಥಾನದಲ್ಲಿ ಅರ್ಜಿನಿನ್ ಬದಲು ಟ್ರಿಪ್ಟೊಫಾನ್ ಇರುವ ರೂಪಕ್ಕೂ ಒಂದನೇ ವಿಧದ ಮಧುಮೇಹಕ್ಕೂ ನಂಟಿದೆ ಎಂಬುದು ಪ್ರಕಟವಾದದ್ದು 2004ರಲ್ಲಿ. ರುಮಟಾಯ್ಡ್ ಸಂಧಿವಾತದಂತಹ ಬೇರೆ ಆಟೋಇಮ್ಯೂನ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ) ಕಾಯಿಲೆಗಳಲ್ಲೂ ಅದೇ ರೂಪ ಕಂಡುಬಂತು. ಆ ಒಂದು ಬದಲಾವಣೆಯಿಂದ ಎಲ್‌ವೈಪಿಯು ಸಿಎಸ್‌ಕೆಯನ್ನು ಸರಿಯಾಗಿ ಹಿಡಿದುಕೊಳ್ಳಲಾರದು. ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಮನುಷ್ಯರ ಟಿ ಕೋಶಗಳನ್ನು ಪರೀಕ್ಷಿಸಿದ ಮೊದಲ ಅಧ್ಯಯನಗಳು ಬದಲಾದ ರೂಪವಿದ್ದಲ್ಲಿ ಸಂಕೇತ ದುರ್ಬಲವಾಗುತ್ತದೆ ಎಂದವು. ಅದೇ ಬದಲಾವಣೆಯನ್ನು ಹೊತ್ತ ಇಲಿಗಳಲ್ಲಿ ಸಂಕೇತ ಹೆಚ್ಚಾದದ್ದು ಕಂಡಿತು. ನೀವು ಓದಿದ ಎರಡೂ ಬರಹಗಳ ಹಿಂದೆ ನಿಜವಾದ ಪ್ರಯೋಗಗಳೇ ಇವೆ.

ದುರ್ಬಲ ಸಂಕೇತದಿಂದಲೂ ಕಾಯಿಲೆ ಬರಬಹುದು ಎಂಬುದಕ್ಕೆ ಕಾರಣ ಥೈಮಸ್ ಗ್ರಂಥಿಯಲ್ಲಿದೆ. ಎಳೆಯ ಟಿ ಕೋಶಗಳು ಅಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ಸ್ವಂತ ದೇಹದ ಪ್ರೋಟೀನಿಗೆ ಬಲವಾಗಿ ಸ್ಪಂದಿಸುವ ಕೋಶಕ್ಕೆ ಬಲವಾದ ಸಂಕೇತ ಸಿಕ್ಕಿ ಅದು ಅಲ್ಲೇ ಸಾಯಬೇಕು. ಸಂಕೇತವೇ ಮಂಕಾಗಿದ್ದರೆ ಸಾಯಬೇಕಾದ ಕೋಶ ಬದುಕುಳಿದು ರಕ್ತಕ್ಕೆ ಬರುತ್ತದೆ. ಸುಲಿದ ಚಾಲಿಯ ರಾಶಿಯಿಂದ ಪಟೋರ, ಕರಿಗೋಟುಗಳನ್ನು ಹೆಕ್ಕುವವರನ್ನು ಮಬ್ಬು ಬೆಳಕಿನಲ್ಲಿ ಕೂರಿಸಿದರೆ ಹಾಳು ಅಡಿಕೆ ಒಳ್ಳೆಯದರ ಚೀಲಕ್ಕೇ ಸೇರಿಹೋಗುವಂತೆ. ಜಪಾನಿನ ಸಂಶೋಧಕರು 2003ರಲ್ಲಿ ವರದಿ ಮಾಡಿದ ಒಂದು ಇಲಿಯ ತಳಿಯಲ್ಲಿ ಝಾಪ್-70 ಕಿಣ್ವವೇ ಕುಂದಿತ್ತು. ಆ ಇಲಿಗಳಿಗೆ ರೋಗನಿರೋಧಕ ಶಕ್ತಿ ಬರಿದಾಗುವುದರ ಬದಲು ಆಟೋಇಮ್ಯೂನ್ ಸಂಧಿವಾತ ಬಂತು. ಮಧುಮೇಹದ ಉದಾಹರಣೆ ಅದಲ್ಲ, ಆದರೆ ತರ್ಕ ಇದೇ.

ಇದಲ್ಲದೆ, ಉಳಿದ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳು ಹುಟ್ಟಲು ಮತ್ತು ಬಾಳಲು ಕೂಡ ಸಂಕೇತ ತಕ್ಕಮಟ್ಟಿಗೆ ಇರಲೇಬೇಕು. ಹಾಗಾಗಿ ಸಂಕೇತ ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರ ಹೊಂದುವುದಿಲ್ಲ. ಯಾವ ವಯಸ್ಸಿನ ಕೋಶ, ಯಾವ ಬಗೆಯ ಕೋಶ, ಯಾವ ಘಟ್ಟ ಎಂದು ಕೇಳಬೇಕು. ನಿಮ್ಮ ತರಗತಿಯಲ್ಲಿ ಇದನ್ನು ಬಗೆಹರಿಯದ ಪ್ರಶ್ನೆಯೆಂದೇ ಹೇಳಿ. ವಿಜ್ಞಾನದಲ್ಲಿ ಕೆಲಸ ಬಾಕಿ ಇದೆ ಎಂದು ತಿಳಿದರೆ ಆ ಹುಡುಗಿಯಂಥವರು ಮುಂದೆ ಬಂದಾರು.

ನೀರ್ಚಾಲಿನ ಓದುಗ:

ಹಾಗಾದರೆ ಆ ವಂಶವಾಹಿಯ ಪರೀಕ್ಷೆಯನ್ನು ಮನೆಯವರೆಲ್ಲ ಮಾಡಿಸಿಕೊಳ್ಳುವುದು ಒಳ್ಳೆಯದಲ್ಲವೇ? ಎಂಜಲು ಕಳಿಸಿದರೆ ವರದಿ ಕೊಡುತ್ತೇವೆ ಎಂಬ ಜಾಹೀರಾತುಗಳು ಫೋನಿಗೆ ಬರುತ್ತಿರುತ್ತವೆ.

ಸಂಶೋಧಕ, ಮಂಜೇಶ್ವರ:

ಅಣ್ಣ, ಅದಕ್ಕೆ ಹಣ ಹಾಕಬೇಡಿ. ಪಿಟಿಪಿಎನ್22ರ ಆ ರೂಪ ಉತ್ತರ ಯುರೋಪಿನವರಲ್ಲಿ ಸಾಮಾನ್ಯ. ಅಲ್ಲಿನ ಜನರಲ್ಲಿ ಆ ವಂಶವಾಹಿಯ ಪ್ರತಿಗಳಲ್ಲಿ ಸುಮಾರು ಹತ್ತಕ್ಕೆ ಒಂದು ಅಂಥದ್ದು. ಏಷ್ಯಾದವರಲ್ಲಿ ಅದು ಅಪರೂಪ. ಇದ್ದರೂ ಅದು ಅಪಾಯವನ್ನು ಒಂದಿಷ್ಟು ಏರಿಸುತ್ತದೆ, ಅಷ್ಟೇ. ಆ ರೂಪವಿರುವ ಬಹುಪಾಲು ಜನರಿಗೆ ಮಧುಮೇಹ ಬರುವುದೇ ಇಲ್ಲ. ಒಂದನೇ ವಿಧದ ಮಧುಮೇಹದ ಆನುವಂಶಿಕ ಅಪಾಯದಲ್ಲಿ ಸುಮಾರು ಅರ್ಧದಷ್ಟು ಎಚ್‌ಎಲ್‌ಎ ಅಣುಗಳ ವಂಶವಾಹಿಗಳಿರುವ ಪ್ರದೇಶದಿಂದಲೇ ಬರುತ್ತದೆ; ಉಳಿದ ಅರ್ಧ ಪಿಟಿಪಿಎನ್22 ಸಹಿತ ಹತ್ತಾರು ವಂಶವಾಹಿಗಳ ನಡುವೆ ಹಂಚಿಹೋಗಿದೆ. ಈ ಕಿಣ್ವ ನಮಗೆ ಕಾಯಿಲೆಯ ನಡೆಯನ್ನು ಕಲಿಸಿಕೊಟ್ಟಿತು ಎಂಬುದು ನಿಜ. ಆದರೆ ನಮ್ಮ ಮನೆಯ ಮಗುವಿನ ಭವಿಷ್ಯ ಹೇಳುವ ಶಕ್ತಿ ಅದಕ್ಕಿಲ್ಲ.

ಕುಂಬಳೆಯಿಂದ ಒಬ್ಬ ತಂದೆ:

ಈಗ ಟೀಚರ್ ಕೇಳಿದ ಎರಡನೆಯ ಪ್ರಶ್ನೆಗೆ ಬನ್ನಿ ಸರ್. ಸಂಧಿವಾತದ ಆ ಮಾತ್ರೆಯ ಸುದ್ದಿ ನನಗೂ ವಾಟ್ಸಾಪ್‌ನಲ್ಲಿ ಬಂದಿತ್ತು. ಇನ್ಸುಲಿನ್ ಬೇಡವಾಗುತ್ತದೆ ಎಂದು ಅದರಲ್ಲಿ ಬರೆದಿದ್ದರು. ಮಗನಿಗೆ ಕೊಡಿಸಬಹುದಾದರೆ ಹೇಗಾದರೂ ಮಾಡಿ ಕೊಡಿಸುತ್ತೇನೆ.

ಸಂಶೋಧಕ, ಮಂಜೇಶ್ವರ:

ನಿಮ್ಮ ಮಾತನ್ನು ಎರಡು ಬಾರಿ ಓದಿದೆ. ಏನು ಸಾಬೀತಾಗಿದೆಯೋ ಅದನ್ನಷ್ಟೇ ಬಿಡಿಸಿ ಹೇಳುತ್ತೇನೆ.

ಸಂಕೇತದ ಕಿಣ್ವವನ್ನು ತಡೆದು ಈ ಕಾಯಿಲೆಯನ್ನು ಹಿಡಿದುನಿಲ್ಲಿಸುವ ಪ್ರಯತ್ನ ಇಂದು ನಿನ್ನೆಯದಲ್ಲ. 1980ರ ದಶಕದಲ್ಲಿ ಫ್ರಾನ್ಸ್, ಕೆನಡಾ ಮುಂತಾದ ಕಡೆ ಹೊಸದಾಗಿ ಕಾಯಿಲೆ ಬಂದವರಿಗೆ ಸೈಕ್ಲೊಸ್ಪೋರಿನ್ ಕೊಟ್ಟು ನೋಡಿದರು. ಅದು ಮೇಲೆ ಹೇಳಿದ ಕ್ಯಾಲ್ಸಿನ್ಯೂರಿನನ್ನು ತಡೆಯುವ ಮದ್ದು. ಕೆಲವರಿಗೆ ಒಂದಷ್ಟು ಕಾಲ ಇನ್ಸುಲಿನ್ ಬೇಕಾಗದೆಯೂ ನಡೆಯಿತು. ಮದ್ದು ನಿಲ್ಲಿಸಿದೊಡನೆ ಕಾಯಿಲೆ ಮರಳಿತು. ಮುಂದುವರಿಸಿದರೆ ಮೂತ್ರಪಿಂಡಕ್ಕೆ ಪೆಟ್ಟು. ಆ ದಾರಿ ಅಲ್ಲಿಗೆ ಮುಚ್ಚಿತು, ಆದರೆ ಈ ಕಾಯಿಲೆಯನ್ನು ನಡೆಸುವುದು ಟಿ ಕೋಶವೇ ಎಂಬುದು ಮನುಷ್ಯರಲ್ಲಿ ಖಚಿತವಾಯಿತು.

ಮುಂದೆ ರಕ್ತದ ಕ್ಯಾನ್ಸರಿನ ಇಮ್ಯಾಟಿನಿಬ್ ಎಂಬ ಕೈನೇಸ್‌ತಡೆ ಮದ್ದನ್ನು ವಯಸ್ಕರಿಗೆ 26 ವಾರ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಒಂದು ವರ್ಷದ ಹೊತ್ತಿಗೆ ಸ್ವಂತ ಇನ್ಸುಲಿನ್ ತುಸು ಹೆಚ್ಚು ಉಳಿದಿತ್ತು, ಎರಡನೇ ವರ್ಷಕ್ಕೆ ವ್ಯತ್ಯಾಸ ಉಳಿಯಲಿಲ್ಲ.

ನೀವು ಕೇಳಿದ ಮಾತ್ರೆ ಬ್ಯಾರಿಸಿಟಿನಿಬ್. ಅದು ಜಾಕ್1, ಜಾಕ್2 ಎಂಬ ಕೈನೇಸ್‌ಗಳನ್ನು ತಡೆಯುತ್ತದೆ. ಇವು ಟಿ ಕೋಶದ ಮುಖ್ಯ ಗ್ರಾಹಕದ ದಾರಿಯವಲ್ಲ. ಇಂಟರ್‌ಫೆರಾನ್‌ನಂತಹ ಸೈಟೊಕೈನುಗಳು (ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಸಂದೇಶದ ಪ್ರೋಟೀನುಗಳು) ಕೋಶಕ್ಕೆ ತಾಗಿದಾಗ ಸುದ್ದಿಯನ್ನು ಒಳಗೆ ಒಯ್ಯುವಂಥವು. ಇದರಲ್ಲಿ ನನ್ನ ಗಮನ ಸೆಳೆಯುವ ಸಂಗತಿ ಬೇರೆಯೇ ಇದೆ. ಜಾಕ್ ಕಿಣ್ವಗಳು ಬೀಟಾ ಕೋಶದೊಳಗೂ ಇವೆ. ಇಂಟರ್‌ಫೆರಾನ್ ಬಂದು ತಾಗಿದಾಗ ಬೀಟಾ ಕೋಶ ಆ ಕಿಣ್ವಗಳ ಮೂಲಕವೇ ತನ್ನ ಮೈಮೇಲೆ ಎಚ್‌ಎಲ್‌ಎ ಅಣುಗಳನ್ನು ಹೆಚ್ಚಿಸಿಕೊಂಡು, ಕೊಲ್ಲಲು ಬಂದ ಟಿ ಕೋಶಕ್ಕೆ ತಾನೇ ಎದ್ದು ಕಾಣುವಂತೆ ಮಾಡಿಕೊಳ್ಳುತ್ತದೆ. ಜಾಕ್ ತಡೆದರೆ ಹೊಡೆಯುವವನೂ ಮಂಕಾಗುತ್ತಾನೆ, ಹೊಡೆಸಿಕೊಳ್ಳುವವನೂ ಮರೆಯಾಗುತ್ತಾನೆ.

ಮೆಲ್ಬರ್ನ್‌ನ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ 10ರಿಂದ 30 ವರ್ಷದ 91 ಮಂದಿ ಇದ್ದರು. ಎಲ್ಲರಿಗೂ ಕಾಯಿಲೆ ಪತ್ತೆಯಾಗಿ 100 ದಿನಗಳೊಳಗೆ ಮದ್ದು ಆರಂಭವಾಗಿತ್ತು. 60 ಮಂದಿಗೆ ದಿನಕ್ಕೆ 4 ಮಿಲಿಗ್ರಾಂ ಬ್ಯಾರಿಸಿಟಿನಿಬ್, 31 ಮಂದಿಗೆ ಮದ್ದಿಲ್ಲದ ಮಾತ್ರೆ, 48 ವಾರಗಳ ಕಾಲ. 2023ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶದಂತೆ, ಊಟದ ಬಳಿಕದ ಸಿ-ಪೆಪ್ಟೈಡಿನ ಮಧ್ಯಾಂಕ ಮದ್ದು ತೆಗೆದುಕೊಂಡವರಲ್ಲಿ 0.65, ಉಳಿದವರಲ್ಲಿ 0.43. ಸಕ್ಕರೆಯ ಏರಿಳಿತವೂ ಕಡಿಮೆ. ಆದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಎರಡೂ ಗುಂಪಿನಲ್ಲಿ ಒಂದೇ ತೆರನಾಗಿತ್ತು, ಮತ್ತು ದಿನದ ಇನ್ಸುಲಿನ್ ಪ್ರಮಾಣ ದೇಹತೂಕದ ಕಿಲೋ ಒಂದಕ್ಕೆ ಮದ್ದಿಲ್ಲದ ಗುಂಪಿನಲ್ಲಿ 0.52 ಯೂನಿಟ್, ಮದ್ದಿನ ಗುಂಪಿನಲ್ಲಿ 0.41 ಯೂನಿಟ್ ಇತ್ತು. ಇನ್ಸುಲಿನ್ ಕಡಿಮೆ ಸಾಕಾಯಿತು, ಬೇಡವಾಗಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಏನಾಯಿತು ಎಂಬುದನ್ನು ಅದೇ ತಂಡ 2025ರಲ್ಲಿ ತಿಳಿಸಿತು: ಲಾಭ ಕರಗಿ, ಎರಡೂ ಗುಂಪುಗಳು ಒಂದೇ ಮಟ್ಟಕ್ಕೆ ಬಂದವು.

ಬದಿಯಡ್ಕದ ವೈದ್ಯ:

ಇದಕ್ಕೆ ವೈದ್ಯನಾಗಿ ಕೆಲವು ಮಾತು ಸೇರಿಸಲೇಬೇಕು. ಬ್ಯಾರಿಸಿಟಿನಿಬ್ ನಮ್ಮ ದೇಶದಲ್ಲಿ ಸಿಗದ ಮದ್ದೇನಲ್ಲ. ಸಂಧಿವಾತಕ್ಕೆ ಬಳಕೆಯಲ್ಲಿದೆ, 2021ರ ಕೋವಿಡ್ ಅಲೆಯಲ್ಲೂ ಬಳಸಿದ್ದೇವೆ. ಸಿಗುತ್ತದೆ ಎಂಬ ಕಾರಣಕ್ಕೇ ನನಗೆ ಹೆದರಿಕೆ. ಒಂದನೇ ವಿಧದ ಮಧುಮೇಹಕ್ಕೆ ಅದಕ್ಕೆ ಅನುಮೋದನೆ ಇಲ್ಲ, ಯಾರೂ ಮೆಡಿಕಲ್ ಶಾಪಿನಿಂದ ತಂದು ಮಗುವಿಗೆ ಕೊಡಬಾರದು.

ಜಾಕ್ ಕಿಣ್ವಗಳು ಸೋಂಕಿನ ವಿರುದ್ಧ ಹೋರಾಡುವುದಕ್ಕೂ ಬೇಕು. ಅವನ್ನು ತಡೆದಾಗ ದೇಹದಲ್ಲಿ ಅಡಗಿ ಕೂತ ಕ್ಷಯ ಮೇಲೆದ್ದು ಬರಬಹುದು, ಸರ್ಪಸುತ್ತು ಕಾಣಿಸಿಕೊಳ್ಳಬಹುದು. ಆದ್ದರಿಂದಲೇ ಈ ವರ್ಗದ ಮದ್ದು ಆರಂಭಿಸುವ ಮುನ್ನ ಕ್ಷಯದ ಪರೀಕ್ಷೆ ಮಾಡುತ್ತೇವೆ. ಇದೇ ಕುಟುಂಬದ ಟಿಕ್2 ಎಂಬ ಕಿಣ್ವದ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಅದರ 1104ನೇ ಸ್ಥಾನದಲ್ಲಿ ಪ್ರೋಲಿನ್ ಬದಲು ಅಲನಿನ್ ಇರುವವರಿಗೆ ಒಂದನೇ ವಿಧದ ಮಧುಮೇಹವೂ ಸೇರಿ ಹಲವು ಆಟೋಇಮ್ಯೂನ್ ಕಾಯಿಲೆಗಳು ಕಡಿಮೆ. ಆದರೆ ತಂದೆತಾಯಿ ಇಬ್ಬರಿಂದಲೂ ಆ ರೂಪವನ್ನೇ ಪಡೆದವರಿಗೆ ಕ್ಷಯದ ಅಪಾಯ ಹೆಚ್ಚು. ಒಂದೇ ಕಿಣ್ವ ಎರಡು ಕೆಲಸ ಮಾಡುತ್ತದೆ. ಕ್ಷಯ ಇನ್ನೂ ಮನೆಮನೆಯ ಮಾತಾಗಿರುವ ನಮ್ಮ ದೇಶದಲ್ಲಿ ಮೆಲ್ಬರ್ನ್‌ನ ಲೆಕ್ಕವನ್ನು ಹಾಗೆಯೇ ತಂದು ಕೂಡಿಸಲಾಗದು.

ಕುಂಬಳೆಯಿಂದ ಒಬ್ಬ ತಂದೆ:

ಅರ್ಥವಾಯಿತು ಡಾಕ್ಟ್ರೇ. ಪತ್ತೆಯಾಗಿ ನೂರು ದಿನಗಳೊಳಗೆ ಎಂಬಲ್ಲಿಗೇ ನಮ್ಮ ಮಗ ಆ ಲೆಕ್ಕದ ಹೊರಗಾದ. ಜೊತೆಗೆ, ನಿಲ್ಲಿಸಿದರೆ ಲಾಭ ಹೋಗುವ ಮದ್ದು ಎಂದರೆ ಇನ್ಸುಲಿನ್‌ನ ಜೊತೆಗೆ ಇನ್ನೊಂದು ಮದ್ದಿಗೂ ಅಂಟಿಕೊಂಡು ಬದುಕಿದಂತೆ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮೂರಿನವರು ಪಟ್ಟ ಪಾಡನ್ನು ನೋಡಿದವನಿಗೆ ಅದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ಸದ್ಯಕ್ಕೆ ಇನ್ಸುಲಿನ್ ಒಂದನ್ನು ತಪ್ಪದೆ ಸರಿಯಾಗಿ ಕೊಡುತ್ತೇನೆ.

ಉಪ್ಪಳದಿಂದ ಒಬ್ಬ ತಾಯಿ:

ನಾನು ಮೊದಲಿನಿಂದ ಓದುತ್ತಿದ್ದೇನೆ. ನಮ್ಮ ಹಿರಿಯ ಮಗಳಿಗೆ ಈ ಕಾಯಿಲೆ ಇದೆ, ಕಿರಿಯವನು ಆರೋಗ್ಯವಾಗಿದ್ದಾನೆ. ವಂಶವಾಹಿ ಪರೀಕ್ಷೆ ಬೇಡ ಎಂದಿರಿ. ಅವನಿಗೆ ಬರುತ್ತದೆಯೋ ಎಂದು ಮೊದಲೇ ತಿಳಿಯುವ ಬೇರೆ ದಾರಿ ಇದೆಯೇ? ತಿಳಿದು ಏನಾದರೂ ಮಾಡಲು ಆಗುತ್ತದೆಯೇ?

ಬದಿಯಡ್ಕದ ವೈದ್ಯ:

ಅಕ್ಕ, ದಾರಿ ಇದೆ. ಕುಂಬಳೆಯವರ ಚೀಟಿಯಲ್ಲಿದ್ದ ಪ್ರತಿಕಾಯಗಳು ಕಾಯಿಲೆ ಹೊರಬೀಳುವ ಎಷ್ಟೋ ವರ್ಷಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಇನ್ಸುಲಿನ್, ಗ್ಯಾಡ್-65, ಬೀಟಾ ಕೋಶದ ಇನ್ನೊಂದು ಪ್ರೋಟೀನ್ ಐಎ-2, ಝಿಂಕ್ ಸಾಗಣೆಯ ಪ್ರೋಟೀನ್ ಝಡ್‌ಎನ್‌ಟಿ8 ಈ ನಾಲ್ಕರ ವಿರುದ್ಧದ ಪ್ರತಿಕಾಯಗಳನ್ನು ನೋಡುತ್ತಾರೆ. ಪಾಶ್ಚಾತ್ಯ ದೇಶಗಳ ಅಧ್ಯಯನಗಳಲ್ಲಿ ಒಡಹುಟ್ಟಿದವರಿಗೆ ಕಾಯಿಲೆ ಬರುವ ಸಂಭವ ಶೇಕಡಾ 5ರ ಆಸುಪಾಸು, ಅಂದರೆ ಹೆಚ್ಚಿನವರಿಗೆ ಬರುವುದಿಲ್ಲ. ಅಪಾಯವಿದ್ದ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನಗಳಲ್ಲಿ ಎರಡು ಅಥವಾ ಹೆಚ್ಚು ಪ್ರತಿಕಾಯ ಇದ್ದ ಮಕ್ಕಳಲ್ಲಿ ಶೇಕಡಾ 70ರಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಕಾಯಿಲೆ ಬಂತು. ಒಂದೇ ಇದ್ದವರಲ್ಲಿ ಶೇಕಡಾ 15ರಷ್ಟು ಮಂದಿಗೆ ಮಾತ್ರ.

ಏನಾದರೂ ಮಾಡಬಹುದೇ ಎಂದರೆ, ಸಿಡಿ3ಯನ್ನು ಹಿಡಿಯುವ ಟೆಪ್ಲಿಝುಮಾಬ್ ಎಂಬ ಮದ್ದನ್ನು 14 ದಿನ ರಕ್ತನಾಳಕ್ಕೆ ಕೊಟ್ಟು ನೋಡಿದ 76 ಜನರ ಪ್ರಯೋಗದಲ್ಲಿ ಕಾಯಿಲೆ ಹೊರಬೀಳುವುದು ಸುಮಾರು ಎರಡು ವರ್ಷ ತಡವಾಯಿತು. ಪ್ರತಿಕಾಯಗಳಿದ್ದು ಸಕ್ಕರೆ ಸ್ವಲ್ಪ ಏರುಪೇರಾಗಿರುವ 8 ವರ್ಷ ದಾಟಿದವರಿಗೆ ಅಮೆರಿಕದಲ್ಲಿ 2022ರ ನವೆಂಬರಿನಲ್ಲಿ ಅನುಮತಿ ಸಿಕ್ಕಿತು. ನಮ್ಮಲ್ಲಿ ಈ ಪರೀಕ್ಷೆಯಿಂದ ಸಿಗುವ ದೊಡ್ಡ ಲಾಭ ಬೇರೆ: ಮುನ್ಸೂಚನೆ ಇರುವ ಮನೆಯವರು ಮಗುವನ್ನು, ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯವಾಗುವ ಕೀಟೋಆಸಿಡೋಸಿಸ್‌ಗೆ ಹೋಗಲು ಬಿಡುವುದಿಲ್ಲ. ಪರೀಕ್ಷೆ ಮಾಡಿಸಿ, ಮಾಡಿಸದಿರಿ, ಇಷ್ಟನ್ನು ಗಮನಿಸಿ: ವಿಪರೀತ ದಾಹ, ಮತ್ತೆ ಶುರುವಾದ ಹಾಸಿಗೆ ಒದ್ದೆ, ತೂಕ ಇಳಿಯುವುದು. ಇವು ಕಂಡರೆ ಅದೇ ದಿನ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡಿಸಿ; ಇದರ ಮೇಲೆ ವಾಂತಿಯೋ ಏದುಸಿರೋ ಕಂಡರೆ ಒಂದು ಗಳಿಗೆಯೂ ಕಾಯಬೇಡಿ. ಮಗಳ ಹೆಸರನ್ನು ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ ‘ಮಿಠಾಯಿ’ ಯೋಜನೆಯಲ್ಲಿ ನೋಂದಾಯಿಸಿರದಿದ್ದರೆ ಅದನ್ನೂ ವಿಚಾರಿಸಿ. ಅದು ಈ ಕಾಯಿಲೆಯ ಮಕ್ಕಳಿಗಾಗಿಯೇ ಇರುವಂಥದ್ದು.

ಪೆರ್ಲದ ಜೀವಶಾಸ್ತ್ರ ಅಧ್ಯಾಪಕಿ:

ಒಂದು ಕೊನೆಯ ಪ್ರಶ್ನೆ. ಕಿಣ್ವ ತಡೆಯುವ ಪ್ರತಿ ಮದ್ದೂ ನಿಲ್ಲಿಸಿದ ಮೇಲೆ ಸೋಲುವುದೇಕೆ? ವಿದ್ಯಾರ್ಥಿನಿ ಖಂಡಿತ ಕೇಳುತ್ತಾಳೆ.

ಸಂಶೋಧಕ, ಮಂಜೇಶ್ವರ:

ಕಿಣ್ವವನ್ನು ತಡೆದರೆ ಟಿ ಕೋಶ ಸುಮ್ಮನಾಗುತ್ತದೆ, ಸಾಯುವುದಿಲ್ಲ ಟೀಚರ್. ಬೀಟಾ ಕೋಶದ ಪ್ರೋಟೀನನ್ನು ಒಮ್ಮೆ ಕಲಿತ ಟಿ ಕೋಶಗಳು ಸ್ಮೃತಿಕೋಶಗಳಾಗಿ ವರ್ಷಗಟ್ಟಲೆ ಬದುಕುತ್ತವೆ. ಮದ್ದಿನ ಅಂಶ ರಕ್ತದಿಂದ ಇಳಿದೊಡನೆ ಅದೇ ಎಲ್‌ಸಿಕೆ, ಅದೇ ಜಾಕ್ ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಆದ್ದರಿಂದ ಈಗ ಹುಡುಕಾಟ ಎರಡು ದಿಕ್ಕಿಗೆ ಹೊರಟಿದೆ. ಪ್ರತಿಕಾಯಗಳು ಮಾತ್ರ ಕಂಡು ಕಾಯಿಲೆ ಇನ್ನೂ ಹೊರಬೀಳದ ಘಟ್ಟದಲ್ಲೇ ಜಾಕ್‌ತಡೆ ಮದ್ದು ಕೊಟ್ಟು ನೋಡುವುದು ಒಂದು. ಸ್ಮೃತಿಕೋಶಗಳನ್ನು ಕಡಿಮೆ ಮಾಡುವ ಮದ್ದೊಂದನ್ನು ಮೊದಲು ಕೊಟ್ಟು, ಉಳಿದವುಗಳನ್ನು ಕಿಣ್ವತಡೆಯಿಂದ ಹಿಡಿದಿಡುವುದು ಇನ್ನೊಂದು. ಇದರ ನಡುವೆ ಪಿಟಿಪಿಎನ್2 ಎಂಬ ಇನ್ನೊಂದು ಫಾಸ್ಫಟೇಸ್ ಕೂಡ ಗಮನಕ್ಕೆ ಬಂದಿದೆ. ಜಾಕ್ ಹಾಕಿದ ಫಾಸ್ಫೇಟನ್ನು ಬೀಟಾ ಕೋಶದೊಳಗೇ ಕಳಚುವ ಕಿಣ್ವ ಅದು. ಅದು ಕುಂದಿದ ಬೀಟಾ ಕೋಶ ಇಂಟರ್‌ಫೆರಾನ್ ತಾಗಿದಾಗ ಬೇಗ ಸಾಯುತ್ತದೆ. ಕಾಯಿಲೆಯ ಅಪಾಯಕ್ಕೆ ಹೊಣೆಯಾದ ಕಿಣ್ವಗಳೆಲ್ಲ ಟಿ ಕೋಶದಲ್ಲೇ ಕೂತಿಲ್ಲ, ಕೆಲವು ಏಟು ತಿನ್ನುವ ಕೋಶದಲ್ಲೇ ಇವೆ ಎಂಬುದನ್ನು ಅವಳಿಗೆ ಹೇಳಿ. ಅವಳ ಮುಂದಿನ ಪ್ರಶ್ನೆ ಅಲ್ಲಿಂದ ಬರುತ್ತದೆ ಎಂದು ನನಗನಿಸುತ್ತದೆ. ಬಂದರೆ ಇಲ್ಲಿಯೇ ಬರೆಯಿರಿ, ಉತ್ತರಿಸುತ್ತೇನೆ.